ಬಜ್ಪೆ ಗುಡ್ಡೆಯ ಎರಡು ರನ್‌ವೇಗಳು

ನಮ್ಮ ಕಡೆ ಯಾರೂ "ಮಂಗಳೂರು ಅಂತಾರಾಷ್ಟ್ರೀಯ ವಿಮಾನ ನಿಲ್ದಾಣ" ಅಂತ ಪೂರ್ತಿ ಹೆಸರು ಹೇಳುವುದಿಲ್ಲ. ಬಜ್ಪೆ ಅಂದರೆ ಸಾಕು, ಏರ್‌ಪೋರ್ಟು ಅಂತಲೇ ಅರ್ಥ. ಚಿಕ್ಕವನಿದ್ದಾಗ ಬಾಂಬೆ ಫ್ಲೈಟಿನಲ್ಲಿ ಬರುವ ಮಾವನನ್ನು ಕರೆತರಲು ಅಲ್ಲಿಗೆ ಹೋಗಿದ್ದೆ. ಜೀಪು ಏದುಸಿರು ಬಿಡುತ್ತಾ ಗುಡ್ಡೆ ಹತ್ತುವಾಗ ಅಪ್ಪನನ್ನು ಕೇಳಿದ್ದೆ: "ವಿಮಾನವನ್ನು ಇಷ್ಟು ಮೇಲೆ ಯಾಕೆ ಇಳಿಸುತ್ತಾರೆ?" ಅಪ್ಪ ನಕ್ಕು ಸುಮ್ಮನಾಗಿದ್ದರು.

ಉತ್ತರ ನಮ್ಮ ನೆಲದಲ್ಲೇ ಇದೆ. ಕರಾವಳಿಯಲ್ಲಿ ಬಯಲು ಅಂದರೆ ಗದ್ದೆ, ಗದ್ದೆ ಅಂದರೆ ಮಳೆಗಾಲದಲ್ಲಿ ನೀರು. ಉದ್ದಕ್ಕೆ, ಸಮತಟ್ಟಾಗಿ, ಒಣಗಿ ಸಿಗುವ ಜಾಗವೆಂದರೆ ಮುರಕಲ್ಲಿನ ಪದವು ಮಾತ್ರ. ಹಾಗಾಗಿ ಪದವೇ ವಿಮಾನ ನಿಲ್ದಾಣವಾಯಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಗ್ಲಸ್ ಡಿಸಿ-3 ವಿಮಾನದಲ್ಲಿ ಇಲ್ಲಿ ಬಂದಿಳಿದರು. ಆಗಿನ್ನೂ ನಮ್ಮ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು!

ಆ ಹಳೆಯ ರನ್‌ವೇಯ ಉದ್ದ 1,615 ಮೀಟರ್. ಅದು ಮುಗಿದಲ್ಲಿ ಗುಡ್ಡೆಯೂ ಮುಗಿಯುತ್ತಿತ್ತು. 1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೋ ವಿಮಾನವೊಂದು ಒದ್ದೆ ರನ್‌ವೇ ದಾಟಿ ಅಂಚಿನಾಚೆ ಹೋಗಿ ನಿಂತಿತು. ಪುಣ್ಯಕ್ಕೆ ಯಾರೂ ಸಾಯಲಿಲ್ಲ, ಆದರೆ ವಿಮಾನ ಮತ್ತೆ ಹಾರಲಿಲ್ಲ.

ಅಷ್ಟರಲ್ಲಿ ನಮ್ಮವರು ಗಲ್ಫಿಗೆ ಹೊರಟಿದ್ದರು. ದುಬೈಯಿಂದ ಬಾಂಬೆಗೆ ಮೂರು ಗಂಟೆ, ಬಾಂಬೆಯಿಂದ ಊರಿಗೆ ಒಂದಿಡೀ ದಿನದ ಬಸ್ಸು. ಮನೆಯಲ್ಲಿ ಸಾವಾದರೆ ಮುಖ ನೋಡಲೂ ಆಗದೆ ಹೋದವರು ಎಷ್ಟು ಮಂದಿಯೋ. ನೇರ ವಿಮಾನ ಬೇಕೆಂದರೆ ಉದ್ದದ ರನ್‌ವೇ ಬೇಕು. 2006ರ ಮೇ ತಿಂಗಳಲ್ಲಿ 2,450 ಮೀಟರಿನ ಎರಡನೆಯ ರನ್‌ವೇ ಸಿದ್ಧವಾಯಿತು. ಅದೇ ಅಕ್ಟೋಬರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್ ದುಬೈಗೆ ಹಾರಿತು. ಕೆಂಜಾರಿನ ಹೊಸ ಟರ್ಮಿನಲ್ ಉದ್ಘಾಟನೆಯಾದದ್ದು 2010ರ ಮೇ 15ಕ್ಕೆ.

ಸರಿಯಾಗಿ ಒಂದು ವಾರ. ಮೇ 22ರ ಬೆಳಿಗ್ಗೆ ಆರು ಗಂಟೆ ದಾಟಿತ್ತಷ್ಟೇ, ದುಬೈಯಿಂದ ಬಂದ ವಿಮಾನ ರನ್‌ವೇ ದಾಟಿ ಕಣಿವೆಗೆ ಬಿತ್ತು. ಇದ್ದವರು 166 ಮಂದಿ, ಉಳಿದವರು ಎಂಟು.

"ಆ ಗುಡ್ಡೆಯೇ ಕೊಂದದ್ದು" ಅಂತ ನಾವೆಲ್ಲ ಅಂದೆವು. ನಾನೂ ಅಂದಿದ್ದೆ. ಆಮೇಲೆ ತನಿಖಾ ವರದಿ ಓದಿದೆ. ಇಳಿಯುವ ಹೊತ್ತಿಗೆ ಮಳೆ ಇರಲಿಲ್ಲ, ಗಾಳಿಯೂ ಶಾಂತ. ಕ್ಯಾಪ್ಟನ್ ದಾರಿಯಲ್ಲಿ ಒಂದೂವರೆ ಗಂಟೆಗೂ ಹೆಚ್ಚು ನಿದ್ರಿಸಿದ್ದರು. ವಿಮಾನ ಇರಬೇಕಾದುದಕ್ಕಿಂತ ಎಷ್ಟೋ ಎತ್ತರದಲ್ಲಿತ್ತು. ಇಳಿಸದೆ ಮತ್ತೊಂದು ಸುತ್ತು ಹೋಗೋಣವೆಂದು ಸಹ ಪೈಲಟ್ ಮೂರು ಸಲ ಹೇಳಿದ್ದರು. ಚಕ್ರ ನೆಲಕ್ಕೆ ತಾಗಿದ್ದು ಸುಮಾರು 5,200 ಅಡಿ ಆಚೆ. ಉಳಿದದ್ದು 2,800 ಅಡಿ. ಅಂದರೆ ರನ್‌ವೇ ಉದ್ದ ಸಾಲದೆ ಹೋದದ್ದಲ್ಲ, ಅದರ ಮುಕ್ಕಾಲು ಪಾಲು ಮುಟ್ಟುವ ಮೊದಲೇ ಅರ್ಧಕ್ಕಿಂತ ಹೆಚ್ಚು ಗಾಳಿಯಲ್ಲೇ ಕಳೆದುಹೋಗಿತ್ತು.

ಹಾಗಂತ ಗುಡ್ಡೆಗೆ ಪಾಲಿಲ್ಲ ಅನ್ನಲಾರೆ. ಬಯಲಿನ ನಿಲ್ದಾಣದಲ್ಲಿ ಇಂಥ ತಪ್ಪಾದರೆ ವಿಮಾನ ಮಣ್ಣಲ್ಲಿ ಹೂತು ನಿಂತರೂ ನಿಂತೀತು. ನಮ್ಮ ಪದವಿನಲ್ಲಿ ಹಾಗೆ ನಿಲ್ಲಲು ಜಾಗವಿಲ್ಲ. ಹತ್ತು ವರ್ಷದ ನಂತರ, 2020ರ ಆಗಸ್ಟಿನಲ್ಲಿ, ಕೋಯಿಕ್ಕೋಡ್‌ನ ಟೇಬಲ್‌ಟಾಪ್ ರನ್‌ವೇಯಲ್ಲೂ ದುಬೈಯಿಂದಲೇ ಬಂದ ವಿಮಾನ ಕೆಳಗುರುಳಿತು.

ಕೂಳೂರಿನ ಹತ್ತಿರ, ಫಲ್ಗುಣಿ ನದಿಯ ದಡದಲ್ಲಿ, ಗುರುತು ಸಿಗದ 12 ಮಂದಿಯನ್ನು ಮಣ್ಣು ಮಾಡಿದ ಜಾಗದಲ್ಲಿ ಈಗ ಸ್ಮಾರಕವಿದೆ. ಊರಿಗೆ ಹೋದಾಗ ಒಮ್ಮೆ ಅಲ್ಲಿ ನಿಂತಿದ್ದೆ. ಅವರೂ ನನ್ನ ಮಾವನ ಹಾಗೆ ಮನೆಗೆ ಬರುತ್ತಿದ್ದವರು. ನೇರವಾಗಿ, ಬೇಗ ಬರಬಹುದೆಂದು ಆ ವಿಮಾನ ಹತ್ತಿದವರು.