ಕುಣಿಗಲ್ ಕುದುರೆಗಳು: ಲಾಯದ ವಯಸ್ಸು, ರಕ್ತದ ವಯಸ್ಸು

ಕುಣಿಗಲ್ ಕುದುರೆ ಫಾರಂ ಹುಟ್ಟಿದ್ದು ಟಿಪ್ಪು ಸುಲ್ತಾನನ ಕಾಲದಲ್ಲಿ, 1790ರ ಸುಮಾರಿಗೆ ಎಂದು ಹೇಳುವುದು ವಾಡಿಕೆ. ಆ ಮಾತಿಗೆ ಇಲ್ಲಿ ತಕರಾರಿಲ್ಲ. ತಕರಾರು ಇರುವುದು ಅದರ ಬೆನ್ನಿಗೇ ಬರುವ ಇನ್ನೊಂದು ಮಾತಿಗೆ: ಅಲ್ಲಿ ಬೆಳೆದ ರೇಸ್ ಕುದುರೆಗಳ ಮೈಯಲ್ಲಿ ಟಿಪ್ಪುವಿನ ಲಾಯದ ರಕ್ತ ಹರಿಯುತ್ತಿದೆ ಎಂಬುದಕ್ಕೆ. ಬಾಯಿಂದ ಬಾಯಿಗೆ ದಾಟಿಬಂದ ಈ ಹೇಳಿಕೆ ಫಾರಮ್ಮಿನ ವಯಸ್ಸನ್ನೂ ತಳಿಯ ವಯಸ್ಸನ್ನೂ ಒಂದೇ ಎಂದುಕೊಂಡಿದೆ. ಇದನ್ನು ಹೇಳುವವರು ಬಳ್ಳಾರಿ ರಸ್ತೆ ಹಿಡಿದು, 1958ರಲ್ಲಿ ಆರಂಭವಾದ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿಗೆ ಹೋಗಿ ತಳಿಶಾಸ್ತ್ರ ಬಲ್ಲವರೊಬ್ಬರನ್ನು ಕೇಳಿದ್ದರೂ ಸಾಕಿತ್ತು.

ಈ ಚರ್ಚೆಯಲ್ಲಿ ಯಾರೂ ತೆರೆದು ನೋಡದ ಆಕರ ಸ್ಟಡ್ ಬುಕ್, ಅಂದರೆ ಕುದುರೆಗಳ ವಂಶಾವಳಿಯ ಪುಸ್ತಕ. ಇಂಗ್ಲೆಂಡಿನಲ್ಲಿ ಜೇಮ್ಸ್ ವೆದರ್ಬಿ ಜನರಲ್ ಸ್ಟಡ್ ಬುಕ್ಕಿನ ಮೊದಲ ಕಂತನ್ನು ಹೊರತಂದದ್ದು 1791ರಲ್ಲಿ, ಟಿಪ್ಪು ಇನ್ನೂ ಆಳುತ್ತಿದ್ದಾಗ. ತಂದೆತಾಯಿಗಳಿಬ್ಬರೂ ಅಂಥ ಪುಸ್ತಕದಲ್ಲಿ ದಾಖಲಾಗಿದ್ದರೆ ಮಾತ್ರ ಮರಿ ಥರೋಬ್ರೆಡ್, ಅಂದರೆ ರೇಸ್ ತಳಿಯದು. ಭಾರತದ ರೇಸ್ ಕುದುರೆಗಳ ಲೆಕ್ಕವನ್ನು ಪುಣೆಯ ಸ್ಟಡ್ ಬುಕ್ ಪ್ರಾಧಿಕಾರ ಇಡುತ್ತದೆ. ಅದೂ ಇದೇ ಮನೆತನದ ಪುಸ್ತಕ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕುಣಿಗಲ್ ಲಾಯದ ಕೆಲಸ ಮೈಸೂರಿನ ಸಿಲ್ಲೇದಾರ್ ಅಶ್ವಪಡೆಗೆ ಕುದುರೆ ಒದಗಿಸುವುದಾಯಿತು. ಪಡೆಗೆ ಬೇಕಾದದ್ದು ಓಡುವ, ಹೊರುವ ಕುದುರೆ. ಅದರ ಅಜ್ಜಿ ಯಾರೆಂಬುದು ಅಲ್ಲಿ ಮುಖ್ಯವಲ್ಲ. ರೇಸ್ ತಳಿ ಬಂದದ್ದು ಹೊರಗಿನಿಂದ, ತನ್ನ ವಂಶಾವಳಿಯನ್ನು ಜೊತೆಗೇ ತಂದಿತು.

ಎದುರುಪಕ್ಷಕ್ಕೆ ಇಲ್ಲಿ ಒಂದೇ ಒಂದು ಗಟ್ಟಿ ವಾದ ಸಾಧ್ಯ. ಅವರು ಅದನ್ನು ಮಂಡಿಸಿಲ್ಲ, ಆದರೂ ಪರಿಶೀಲಿಸಬೇಕು. ನಾಡಿನ ಹೆಣ್ಣು ಕುದುರೆಗೆ ಥರೋಬ್ರೆಡ್ ಗಂಡನ್ನು ಕೊಡಿಸಿ, ಅದರ ಹೆಣ್ಣುಮರಿಗೆ ಮತ್ತೆ ಥರೋಬ್ರೆಡ್ಡನ್ನೇ ಕೊಡಿಸುತ್ತ ಹೋದರೆ ವಂಶ ಮೇಲೇರಬಹುದಲ್ಲವೇ? ಇಂಗ್ಲೆಂಡಿನಲ್ಲಿ ಹೀಗೇ ಆಯಿತು. ಅರಬ್ಬೀ ಗಂಡುಗಳ ಕಥೆ ಎಷ್ಟೇ ಪ್ರಸಿದ್ಧವಾಗಿದ್ದರೂ, ಥರೋಬ್ರೆಡ್ಡಿನ ತಾಯಂದಿರಲ್ಲಿ ಬ್ರಿಟನ್, ಐರ್ಲೆಂಡಿನ ಸ್ಥಳೀಯ ಕುದುರೆಗಳ ಪಾಲು ದೊಡ್ಡದೆಂದು 2011ರ ಮೈಟೋಕಾಂಡ್ರಿಯಾ ಡಿಎನ್‌ಎ ಅಧ್ಯಯನ ತೋರಿಸಿದೆ. ಆದರೆ ಆ ತಾಯಂದಿರು ಒಳಸೇರಿದ್ದು ಪುಸ್ತಕದ ಬಾಗಿಲು ಮುಚ್ಚುವ ಮುನ್ನ. 1913ರಿಂದ 1949ರವರೆಗೆ ಜರ್ಸಿ ಕಾಯ್ದೆ ಎಂದು ಹೆಸರಾದ ನಿಯಮ ಅಮೆರಿಕದ ಎಷ್ಟೋ ಗೆಲ್ಲುವ ಕುದುರೆಗಳನ್ನೇ ಇಂಗ್ಲೆಂಡಿನ ಆ ಪುಸ್ತಕದಿಂದ ಹೊರಗಿಟ್ಟಿತ್ತು. ಈಗಿನ ಅಂತರರಾಷ್ಟ್ರೀಯ ನಿಯಮ ಒಂದು ಕಿಂಡಿ ಬಿಟ್ಟಿದೆ: ಸತತ ಎಂಟು ಥರೋಬ್ರೆಡ್ ಸಂಕರಗಳು ದಾಖಲಾಗಿ, ಓಟದಲ್ಲಿಯೂ ಯೋಗ್ಯತೆ ತೋರಿದರೆ ಬಡ್ತಿ ಸಿಗಬಹುದು. ಎಂಟು ಸಂಕರಗಳ ನಂತರ ಮೂಲ ಹೆಣ್ಣಿನ ಪಾಲು ಸರಾಸರಿ 256ರಲ್ಲಿ ಒಂದು, ಅಂದರೆ ಶೇ. 0.4ಕ್ಕೂ ಕಡಿಮೆ. ಮೈಟೋಕಾಂಡ್ರಿಯಾ ಹಾಗಲ್ಲ. ಅದು ತಾಯಿಯಿಂದ ಮಾತ್ರ ಬರುವುದರಿಂದ ಎಂಟಲ್ಲ, ಎಂಬತ್ತು ತಲೆಮಾರು ಕಳೆದರೂ ತೆಳುವಾಗುವುದಿಲ್ಲ. ಹಾಗಾಗಿ ಟಿಪ್ಪುವಿನ ರಕ್ತದ ಮಾತಿಗೆ ಅರ್ಥ ಬರುವುದು ಹೆಣ್ಣುಸಾಲೊಂದನ್ನು ಹೆಸರಿಸಿ ಪರೀಕ್ಷೆಗೆ ಒಡ್ಡಿದಾಗ. ಅಂಥ ಸಾಲನ್ನು ಯಾರೂ ಹೆಸರಿಸಿಲ್ಲ. (ಪುಸ್ತಕವೂ ತಪ್ಪುತ್ತದೆ ಎಂಬುದು ನಿಜ, 2002ರ ಸಂಶೋಧನೆಯೊಂದು ಹಲವು ಹೆಣ್ಣುಸಾಲುಗಳ ದಾಖಲೆಗೂ ಡಿಎನ್‌ಎಗೂ ಹೊಂದಿಕೆಯಿಲ್ಲವೆಂದು ತೋರಿಸಿದೆ. ಪುಸ್ತಕದ ತಪ್ಪು ಮಾತ್ರ ದಂತಕಥೆಗೆ ಸಾಕ್ಷಿಯಾಗುವುದಿಲ್ಲ.)

ಟಿಪ್ಪುವಿನ ಹೆಸರಿನ ಅಬ್ಬರದಲ್ಲಿ ಮರೆಯಾದದ್ದು ಮುಚ್ಚಿದ ಪುಸ್ತಕದ ನಿಜವಾದ ಬೆಲೆ. ಇಂದಿನ ಥರೋಬ್ರೆಡ್ಡುಗಳ ಗಂಡುಸಾಲಿನಲ್ಲಿ ಸುಮಾರು ಶೇ. 95 ಡಾರ್ಲಿ ಅರೇಬಿಯನ್ ಎಂಬ ಒಂದೇ ಕುದುರೆಗೆ ಮುಟ್ಟುತ್ತದೆ, ಹೆಣ್ಣುಸಾಲುಗಳಲ್ಲಿ ಶೇ. 72 ಕೇವಲ ಹತ್ತು ತಾಯಂದಿರಿಗೆ. 1922ರಲ್ಲಿ ಸೀವಾಲ್ ರೈಟ್ ಕೊಟ್ಟ ಒಳಸಂಕರದ ಗುಣಾಂಕ ಮೇಲ್ನೋಟಕ್ಕೆ ಸಮಾಧಾನ ತರುತ್ತದೆ: ತಂದೆಯ ಕಡೆಯಲ್ಲೂ ತಾಯಿಯ ಕಡೆಯಲ್ಲೂ ನಾಲ್ಕನೆಯ ತಲೆಮಾರಿನಲ್ಲಿ ಒಬ್ಬನೇ ಪೂರ್ವಜ ಬಂದರೆ ಶೇ. 0.78 ಮಾತ್ರ. ಅದಕ್ಕೂ ಹಿಂದಿನ ನಂಟುಗಳನ್ನು ಐದು ತಲೆಮಾರಿನ ವಂಶಾವಳಿಯ ಕಾಗದ ಕಾಣಿಸುವುದಿಲ್ಲ, ಜೀನೋಮ್ ಕಾಣಿಸುತ್ತದೆ. ಕಳೆದ ಶತಮಾನದ ಕೊನೆಯಿಂದ ಒಳಸಂಕರ ಏರುತ್ತಿದೆ. ಅದು ಶೇ. 10ರಷ್ಟು ಹೆಚ್ಚಿದರೆ ಕುದುರೆ ಒಮ್ಮೆಯಾದರೂ ರೇಸಿಗೆ ಇಳಿಯುವ ಸಂಭವ ಶೇ. 7ರಷ್ಟು ಇಳಿಯುತ್ತದೆ ಎಂದು 2022ರ ಅಧ್ಯಯನ ಹೇಳುತ್ತದೆ.

ಹೊರದೇಶದಿಂದ ಗಂಡು ತರಿಸಿಕೊಂಡರೆ ಹೊಸ ರಕ್ತ ಬಂದಂತೆ ಎಂಬ ನಂಬಿಕೆ ರೇಸ್ ವಲಯದಲ್ಲಿ ಬಲವಾಗಿದೆ. ಭಾರತದಲ್ಲಿ ವರ್ಷಗಟ್ಟಲೆ ಅಗ್ರಸ್ಥಾನದಲ್ಲಿದ್ದ ತಳಿಗಂಡು ರಜೀನ್, ಕೆನಡಾದಲ್ಲಿ 1961ರಲ್ಲಿ ಹುಟ್ಟಿದ ನಾರ್ದರ್ನ್ ಡ್ಯಾನ್ಸರ್‌ನ ಮಗ. ಹತ್ತು ಸಾವಿರಕ್ಕೂ ಮಿಕ್ಕ ಥರೋಬ್ರೆಡ್ಡುಗಳನ್ನು ಪರಿಶೀಲಿಸಿದ 2020ರ ಅಧ್ಯಯನದಲ್ಲಿ ಶೇ. 97ರಷ್ಟು ವಂಶಾವಳಿಗಳಲ್ಲಿ ಅದೇ ನಾರ್ದರ್ನ್ ಡ್ಯಾನ್ಸರ್ ಇದ್ದ. ಹೊರದೇಶದಿಂದ ಬಂದದ್ದೆಲ್ಲ ಹೊರರಕ್ತವಲ್ಲ.

ದಖ್ಖಣದ ಅಶ್ವದಳಗಳ ಹಳೆಯ ರಕ್ತವನ್ನು ಹುಡುಕಬೇಕಾದ ಜಾಗ ಬೇರೆ. ಭೀಮಾ ಸೀಮೆಯ ಭೀಮಥಡಿ ಕುದುರೆ ಈಚೆಗೆ ಸ್ವತಂತ್ರ ತಳಿಯೆಂದು ರಾಷ್ಟ್ರೀಯ ಪಟ್ಟಿಗೆ ಸೇರಿದೆ. ವಿಜಯಪುರ, ಕಲಬುರಗಿ ಕಡೆಯ ಸಂತೆಯ ತಟ್ಟುಗಳ ಹೆಣ್ಣುಸಾಲುಗಳನ್ನು ಅದರೊಂದಿಗೆ ಹೋಲಿಸುವುದು ಕುಣಿಗಲ್ ಲಾಯದ ಗೋಡೆಗಳ ಕಾಲ ಹೇಳುವುದಕ್ಕಿಂತ ಹೆಚ್ಚು ಉಪಯುಕ್ತ.