ಒಮ್ಮೆ ಮಾತ್ರ ಬದಲಿಸಬಹುದಾಗಿದ್ದ ಗುರುತು

ಲಿನಕ್ಸ್‌ನಲ್ಲಿ ಓಡುತ್ತಿರುವ ಪ್ರತಿ ಪ್ರೋಗ್ರಾಮಿಗೂ ‘ಪ್ರಾಕ್’ ಎಂಬ ಫೋಲ್ಡರಿನಲ್ಲಿ ಅದರದೇ ಸಂಖ್ಯೆಯ ಒಂದು ಕೋಣೆ ಇರುತ್ತದೆ. ಅದರೊಳಗೆ ‘ಎಕ್ಸ್‌ಇ’ ಹೆಸರಿನ ಒಂದು ಕೊಂಡಿ. ಈ ಪ್ರೋಗ್ರಾಮು ಯಾವ ಫೈಲಿನಿಂದ ಹುಟ್ಟಿತು ಎಂಬುದನ್ನು ಅದು ತೋರಿಸುತ್ತದೆ. ಪಟ್ಟಿಯಲ್ಲಿ ಕಾಣುವ ಹೆಸರನ್ನು ಪ್ರೋಗ್ರಾಮು ತನಗೆ ಬೇಕಾದಂತೆ ಬರೆದುಕೊಳ್ಳಬಹುದು. ಕೊಂಡಿ ಹಾಗಲ್ಲ, ಅದು ಕರ್ನಲ್ ಕೊಟ್ಟದ್ದು. ಸರ್ವರ್ ಕಾಯುವವರು ಹೆಸರಿಗಿಂತ ಅದನ್ನು ಹೆಚ್ಚು ನಂಬುವುದು ಇದಕ್ಕೇ.

ಈ ನಂಬಿಕೆಗೆ ಇಕ್ಕಟ್ಟು ತಂದದ್ದು ‘ಕ್ರಿಯು’. ಪಾವೆಲ್ ಎಮೆಲ್ಯಾನೊವ್ 2011ರಲ್ಲಿ ಆರಂಭಿಸಿದ ಈ ಯೋಜನೆ, ಓಡುತ್ತಿರುವ ಪ್ರೋಗ್ರಾಮನ್ನು ತಡೆದು ಅದರ ಸ್ಥಿತಿಯನ್ನೆಲ್ಲ ಡಿಸ್ಕಿಗೆ ಬರೆದಿಟ್ಟು, ಆಮೇಲೆ, ಬೇಕಿದ್ದರೆ ಬೇರೊಂದು ಯಂತ್ರದಲ್ಲಿ, ನಿಂತಲ್ಲಿಂದಲೇ ಮುಂದುವರಿಸುತ್ತದೆ. ಆದರೆ ಎದ್ದ ಪ್ರೋಗ್ರಾಮು ನಿಜಕ್ಕೂ ಕ್ರಿಯುವಿನ ಮಗು. ಅದರ ಕೊಂಡಿಯನ್ನು ಬೇರೆಡೆಗೆ ತಿರುಗಿಸದಿದ್ದರೆ ಅದು ಕ್ರಿಯುವಿನ ಫೈಲನ್ನೇ ತೋರಿಸುತ್ತದೆ.

ಹಾಗಾಗಿ 2012ರಲ್ಲಿ, ಕರ್ನಲ್‌ನ 3.5ನೇ ಆವೃತ್ತಿಯಲ್ಲಿ, ಸಿರಿಲ್ ಗೊರ್ಕುನೊವ್ ಕೊಂಡಿ ಬದಲಿಸುವ ಒಂದು ದಾರಿ ಸೇರಿಸಿದರು. ಜೊತೆಗೆ ಕಾವಲೂ ಬಂತು: ವಿಶೇಷ ಅಧಿಕಾರ ಇರಬೇಕು, ಹಳೆಯ ಫೈಲಿನ ಭಾಗಗಳು ಮೆಮೊರಿಯಿಂದ ಹೋಗಿರಬೇಕು, ಮತ್ತು ಬದಲಾವಣೆ ಪ್ರೋಗ್ರಾಮಿನ ಜೀವಮಾನದಲ್ಲಿ ಒಂದೇ ಸಲ. ಆ ಮೂರನೆಯದರ ಹಿಂದಿನ ಲೆಕ್ಕಾಚಾರ ಸ್ವಾರಸ್ಯಕರ. ಕೊಂಡಿ ಪದೇ ಪದೇ ತಿರುಗದಿದ್ದರೆ, ಎಲ್ಲ ಕೊಂಡಿಗಳ ಪಟ್ಟಿ ಮಾಡಿಟ್ಟುಕೊಂಡ ಆಡಳಿತಗಾರನಿಗೆ ಅಸಹಜ ಬದಲಾವಣೆ ಕಣ್ಣಿಗೆ ಬೀಳುತ್ತದೆ. ಜಾಗರೂಕ ಪ್ರೋಗ್ರಾಮು ಆ ಒಂದು ಅವಕಾಶವನ್ನು ಶುರುವಿನಲ್ಲೇ ಖರ್ಚು ಮಾಡಿಬಿಟ್ಟರೆ, ಮುಂದೆ ಯಾರೂ ಅದನ್ನು ದುರುಪಯೋಗ ಮಾಡುವಂತಿಲ್ಲ.

ಕೇಳಲು ಅಚ್ಚುಕಟ್ಟು. ಆದರೆ 2016ರಲ್ಲಿ ಸ್ತಾನಿಸ್ಲಾವ್ ಕಿನ್ಸ್‌ಬರ್ಸ್ಕಿ ತಂದ ಪ್ರಕರಣಕ್ಕೆ ಒಂದು ಸಲ ಸಾಲದು. ಪ್ರೋಗ್ರಾಮಿನ ಫೈಲು ಎನ್‌ಎಫ್‌ಎಸ್‌ನಲ್ಲಿ, ಅಂದರೆ ನೆಟ್‌ವರ್ಕಿನ ಆಚೆಯ ಡಿಸ್ಕಿನಲ್ಲಿ ಇದೆ. ಎಬ್ಬಿಸುವ ಹೊತ್ತಿಗೆ ನೆಟ್‌ವರ್ಕ್ ಬೀಗ ಹಾಕಿರುತ್ತದೆ. ಹಾಗಾಗಿ ಮೊದಲು ತಾತ್ಕಾಲಿಕ ಫೈಲ್ ವ್ಯವಸ್ಥೆಯೊಂದಕ್ಕೆ ಕೊಂಡಿ ಹಾಕಿ, ನೆಟ್‌ವರ್ಕ್ ತೆರೆದ ಮೇಲೆ ಅಸಲಿಗೆ ತಿರುಗಿಸಬೇಕು. ಎರಡು ಬದಲಾವಣೆ!

ಅವರ ವಾದ ಅಲ್ಲಿಗೇ ನಿಲ್ಲಲಿಲ್ಲ. ಬೇರೆ ಪ್ರೋಗ್ರಾಮಿನ ಒಳಹೊಕ್ಕು ಅದರ ಮೆಮೊರಿ ಖಾಲಿ ಮಾಡಿ ಕೊಂಡಿ ತಿರುಗಿಸುವಷ್ಟು ಶಕ್ತಿ ಇದ್ದವನ ಕೈಗೆ ಆ ಪ್ರೋಗ್ರಾಮು ಆಗಲೇ ಸಿಕ್ಕಿದೆ. ಅದರಿಂದ ಒಂದು ಮರಿ ಹುಟ್ಟಿಸಿ, ಆ ಮರಿಗೆ ವೇಷ ಹಾಕಿಸಿದರಾಯಿತು. ಅವಕಾಶ ಮುಗಿದಿದೆ ಎಂಬ ಗುರುತು ಮರಿಗೆ ಬರುವುದಿಲ್ಲ. 4.10ನೇ ಆವೃತ್ತಿಯಲ್ಲಿ ನಿರ್ಬಂಧ ಹೋಯಿತು. ಲಿನಕ್ಸ್ ಕೈಪಿಡಿಯ ಭಾಷೆ ಸಾಮಾನ್ಯವಾಗಿ ಒಣಒಣ. ಇಲ್ಲಿ ಮಾತ್ರ ಅದು, ಹಿಂದೆ ಕೊಟ್ಟ ಭದ್ರತಾ ಕಾರಣ ಮೇಲ್ನೋಟಕ್ಕಷ್ಟೇ ಸರಿ ಎಂದು ಆಮೇಲೆ ತೀರ್ಮಾನವಾಯಿತು ಎಂದು ನೇರವಾಗಿಯೇ ಬರೆದುಕೊಂಡಿದೆ.

ಕಾವಲು ಪೂರ್ತಿ ಹೋಗಿಲ್ಲ. ಅಧಿಕಾರ ಈಗಲೂ ಬೇಕು. 2020ರ 5.9ನೇ ಆವೃತ್ತಿಯಲ್ಲಿ ಈ ಕೆಲಸಕ್ಕೆಂದೇ ಹೊಸದೊಂದು ಅಧಿಕಾರ ಬಂದದ್ದರಿಂದ, ಹೆಚ್ಚುಕಮ್ಮಿ ಇಡೀ ಯಂತ್ರದ ಯಜಮಾನಿಕೆ ಕೊಡಬೇಕಾದ ಪ್ರಮೇಯ ತಪ್ಪಿತು. ಆಗ ಈ ತಪಾಸಣೆಗಳ ಇತಿಹಾಸವನ್ನು ಬದಲಾವಣೆಯ ಟಿಪ್ಪಣಿಯಲ್ಲೇ ದಾಖಲಿಸಲಾಯಿತು. ಕೊಂಡಿ ಹಲವು ಸಲ ಬದಲಾದರೆ ಆಗುವ ಅಪಾಯ ನಿಖರವಾಗಿ ಯಾವುದು ಎಂಬುದನ್ನು 2012ರ ಚರ್ಚೆಯಲ್ಲಿ ಯಾರೂ ಸ್ಪಷ್ಟವಾಗಿ ಮುಂದಿಟ್ಟಿರಲಿಲ್ಲ ಎಂಬುದೂ ಅದರಲ್ಲಿದೆ.