ಸಣ್ಣ ಊರಿನ ಕೊಳೆನೀರು: ಶೋಧನಶಾಸ್ತ್ರ ನಡೆದು ಬಂದ ದಾರಿ

ಕೊಳೆನೀರನ್ನು ಶುದ್ಧಗೊಳಿಸುವ ಶಾಸ್ತ್ರವು ಜನ್ಮ ತಾಳಿದುದು ಪಶ್ಚಿಮದ ನಗರಗಳಲ್ಲಿ. ಧನಬಲವೂ ಯಂತ್ರಬಲವೂ ಉಳ್ಳವರಿಗೆ ಒದಗಿದ ಆ ವಿದ್ಯೆಯು, ಅಲ್ಪ ಆದಾಯದ ಪುರಸಭೆಯೊಂದರ ಕೈಗೂ ನಿಲುಕುವಷ್ಟು ಸರಳವಾದ ಬಗೆಯೇ ಈ ಕ್ಷೇತ್ರದ ನಿಜವಾದ ಇತಿಹಾಸವೆಂದು ನನ್ನ ಭಾವನೆ.

ಇದರ ಮೂಲತತ್ತ್ವವು ಪ್ರಕೃತಿಯಲ್ಲಿಯೇ ಉಂಟು. ಹರಿಯುವ ಹೊಳೆಗೆ ಬಿದ್ದ ಕಲ್ಮಷವನ್ನು ಕಣ್ಣಿಗೆ ಕಾಣದ ಜೀವಾಣುಗಳು, ನೀರಿನಲ್ಲಿ ಕರಗಿದ ಆಮ್ಲಜನಕದ ನೆರವಿನಿಂದ ಕ್ರಮೇಣ ಜೀರ್ಣಿಸಿಬಿಡುತ್ತವೆ. ಕಲ್ಮಷವು ಮಿತಿಮೀರಿದೊಡನೆ ಆಮ್ಲಜನಕವು ತೀರಿ, ಮೀನು ಸತ್ತು, ಹೊಳೆಯು ನಾರತೊಡಗುತ್ತದೆ. ಆ ಜೀವಾಣುಗಳಿಗೆ ಬೇಕಾದ ಅನುಕೂಲವನ್ನು ಮಿತವಾದ ಸ್ಥಳದಲ್ಲಿ ಕಲ್ಪಿಸಿಕೊಡುವುದೇ ಶುದ್ಧೀಕರಣದ ಸಾರ. ಅಮೆರಿಕದ ಲಾರೆನ್ಸಿನಲ್ಲಿ 1887ರಲ್ಲಿ ಆರಂಭವಾದ ಪ್ರಯೋಗಶಾಲೆಯು ಮರಳಿನ ಹಾಸುಗಳ ಮೂಲಕ ಇದನ್ನು ತೋರಿಸಿಕೊಟ್ಟಿತು; 1895ರಲ್ಲಿ ಇಂಗ್ಲೆಂಡಿನ ಎಕ್ಸೆಟರಿನಲ್ಲಿ ಡೊನಾಲ್ಡ್ ಕ್ಯಾಮರನ್ನನು, ಗಾಳಿಯಿಲ್ಲದೆಯೂ ಬದುಕುವ ಜೀವಾಣುಗಳನ್ನು ನೆಚ್ಚಿ, ಸೆಪ್ಟಿಕ್ ಟ್ಯಾಂಕನ್ನು ಬಳಕೆಗೆ ತಂದನು; 1914ರಲ್ಲಿ ಮ್ಯಾಂಚೆಸ್ಟರಿನ ಆರ್ಡರ್ನ್ ಮತ್ತು ಲಾಕೆಟ್ ಎಂಬವರು, ಗಾಳಿಯೂದಿದ ಕೊಳೆನೀರಿನ ತಳದಲ್ಲಿ ನಿಂತ ಕೆಸರನ್ನು ಚೆಲ್ಲದೆ ಮತ್ತೆ ಮತ್ತೆ ಬಳಸಿದರೆ, ವಾರಗಳ ಕೆಲಸವು ಗಂಟೆಗಳಲ್ಲಿ ಮುಗಿಯುವುದೆಂದು ಸಾಧಿಸಿ ತೋರಿಸಿದರು. ಅವರಿಗೆ ದಾರಿ ತೋರಿದ ಗಿಲ್ಬರ್ಟ್ ಫೌಲರನು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಪ್ರಾಧ್ಯಾಪಕನಾಗಿ ಬಂದುದರಿಂದ, ಈ ವಿದ್ಯೆಯು ತನ್ನ ಶೈಶವದಲ್ಲಿಯೇ ನಮ್ಮ ನಾಡನ್ನು ತಲುಪಿತೆನ್ನಬಹುದು.

ಆದರೆ ಹಗಲಿರುಳೂ ಗಾಳಿಯೂದುವುದಕ್ಕೆ ವಿದ್ಯುತ್ತು ಬೇಕು, ಕೆಸರಿನ ಹದವನ್ನರಿತ ನುರಿತ ಕೈ ಬೇಕು. ಇವೆರಡೂ ಸಣ್ಣ ಊರಿಗೆ ದುರ್ಲಭವಾದುವು. ಆದುದರಿಂದಲೇ ನೆದರ್‌ಲ್ಯಾಂಡ್ಸಿನ ಪಾಸ್‌ವೀರನು 1950ರ ದಶಕದಲ್ಲಿ, ಉದ್ದುರುಟಾದ ಕಾಲುವೆಯೊಂದರಲ್ಲಿ ತಿರುಗುವ ಕುಂಚದ ಸಹಾಯದಿಂದ ನೀರನ್ನು ಸುತ್ತಿಸುತ್ತ ಗಾಳಿಗೂಡಿಸುವ ಸುಲಭೋಪಾಯವನ್ನು ರೂಪಿಸಿದನು. ಬಿಸಿಲು ಧಾರಾಳವಾಗಿರುವ ನಮ್ಮ ದೇಶಕ್ಕೆ ಇನ್ನೂ ಸರಳವಾಗಿ ಒಗ್ಗಿದುದು ಆಳವಿಲ್ಲದ ಹೊಂಡಗಳ ಕ್ರಮ: ಅಲ್ಲಿ ಸೂರ್ಯರಶ್ಮಿಯಿಂದ ಬೆಳೆಯುವ ಪಾಚಿಯೇ ಆಮ್ಲಜನಕವನ್ನು ಒದಗಿಸುವುದರಿಂದ ಯಂತ್ರವು ಬೇಕಿಲ್ಲ, ವಿಶಾಲವಾದ ನೆಲವು ಮಾತ್ರ ಬೇಕು.

ಇವೆಲ್ಲವೂ ಒಳಚರಂಡಿಯುಳ್ಳ ಊರಿನ ಮಾತು. ಒಳಚರಂಡಿಯಿಲ್ಲದೆಡೆ ಮನೆಮನೆಯ ಮಲಗುಂಡಿಯನ್ನು ಬರಿದುಮಾಡುವ ಭಾರವು ಬಹುಕಾಲ ಮನುಷ್ಯರ ಮೇಲೆಯೇ, ಅದರಲ್ಲಿಯೂ ಜಾತಿಯ ಕಾರಣದಿಂದ ತುಳಿತಕ್ಕೊಳಗಾದವರ ಮೇಲೆಯೇ ಬಿದ್ದಿತು. 1970ರ ದಶಕದಲ್ಲಿ ಕರ್ನಾಟಕದ ಸಚಿವ ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರುವ ಅಮಾನುಷ ಪದ್ಧತಿಯನ್ನು ರಾಜ್ಯದಲ್ಲಿ ನಿಷೇಧಿಸಿದರು. 1993 ಮತ್ತು 2013ರ ಕೇಂದ್ರ ಶಾಸನಗಳು ಆ ನಿಷೇಧವನ್ನು ದೇಶದ ನಿಯಮವಾಗಿಸಿದುವು. ಶಾಸನಕ್ಕೆ ತಕ್ಕ ಸಾಧನವೂ ಬೇಕೆಂಬುದಕ್ಕೆ ಬೆಂಗಳೂರಿನ ಬಳಿಯ ದೇವನಹಳ್ಳಿಯು ಉತ್ತಮ ನಿದರ್ಶನ. 2015ರಲ್ಲಿ ಅಲ್ಲಿ ಸ್ಥಾಪಿತವಾದ, ದಿನಕ್ಕೆ 6,000 ಲೀಟರ್ ಸಾಮರ್ಥ್ಯದ ಘಟಕಕ್ಕೆ ಹೀರುಯಂತ್ರದ ಲಾರಿಯು ಮಲಗುಂಡಿಯ ಹೂಳನ್ನು ತಂದು ಸುರಿಯುತ್ತದೆ. ಹೂಳು ತೊಟ್ಟಿಗಳಲ್ಲಿ ಹದಗೊಂಡು, ಹಾಸುಗಳಲ್ಲಿ ಒಣಗಿ, ಊರಿನ ಹಸಿಕಸದೊಡನೆ ಕೊಳೆತು ಗೊಬ್ಬರವಾದರೆ, ಬಸಿದ ನೀರು ಗಿಡ ನೆಟ್ಟ ಜಲ್ಲಿಯ ಹಾಸಿನಲ್ಲಿ ಸೋಸಿ ಹೊರಬರುತ್ತದೆ.

ಇಷ್ಟರಿಂದ ಸ್ಪಷ್ಟವಾಗುವುದೇನೆಂದರೆ, ಯಾವ ಕ್ರಮವೂ ತನ್ನಷ್ಟಕ್ಕೆ ಶ್ರೇಷ್ಠವಲ್ಲ. ಊರಿನ ನೆಲ, ಬಿಸಿಲು, ಬೊಕ್ಕಸ, ಕೆಲಸಗಾರರು ಇವುಗಳಿಗೆ ಒಪ್ಪುವುದೇ ಶ್ರೇಷ್ಠ. ಘಟಕವನ್ನು ಕಟ್ಟಿಸುವ ಹಣದೊಡನೆ ಅದನ್ನು ವರ್ಷವರ್ಷವೂ ನಡೆಸುವ ಹಣವನ್ನೂ, ನಡೆಸುವವನಿಗೆ ಶಿಕ್ಷಣ, ರಕ್ಷಣೆ, ಯೋಗ್ಯವಾದ ವೇತನಗಳನ್ನೂ ತನ್ನ ಆಯವ್ಯಯದಲ್ಲಿ ಕಾದಿರಿಸುವ ಪುರಸಭೆಯು ಮಾತ್ರವೇ ತನ್ನ ಕೆರೆಯನ್ನು ಉಳಿಸಿಕೊಳ್ಳಬಲ್ಲದು.